ಬೀಗ ಮತ್ತು ಬೀಗರು

ಬೀಗಕ್ಕೂ ಬೀಗರಿಗೂ ಏನು ಸಂಬಂಧ ಸಾರ್ ಎಂದು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲಿ ಕೇಳಿದ. ಹಿಂದಿನ ಬೆಂಚಿನ ಹುಡುಗ. ವ್ಯಾಕರಣದ ಪಾಠ ನಡೆಯುವಾಗ ಕಿಟಕಿಯ ಹೊರಗೆ ನೋಡುವುದು ಅವನ ವಾಡಿಕೆ. ಅಂಥವನು ಬಾಯಿಬಿಟ್ಟು ಪ್ರಶ್ನೆ ಕೇಳಿದನೆಂದರೆ ಅಧ್ಯಾಪಕನಾದವನು ಸಂತೋಷಪಡಬೇಕು. ನಾನು ಸಂತೋಷಪಟ್ಟೆ; ಉತ್ತರ ಮಾತ್ರ ಹೇಳಲಿಲ್ಲ. "ಮದುವೆಯಾದ ಮೇಲೆ ನಿನಗೇ ತಿಳಿಯುತ್ತದೆ ಬಿಡಪ್ಪ" ಎಂದು ತರಗತಿಯನ್ನು ನಗಿಸಿ, ಗಂಟೆ ಹೊಡೆಯುವವರೆಗೂ ಹೊತ್ತು ಕಳೆದೆ. ತನಗೆ ತಿಳಿಯದ್ದನ್ನು ದಾಟಿಕೊಳ್ಳಲು ಗುರುವಾದವನಿಗೆ ಇರುವ ಉಪಾಯಗಳಲ್ಲಿ ಹಾಸ್ಯವೇ ಶ್ರೇಷ್ಠವಾದದ್ದು. ಅದಾಗಿ ಕೆಲವು ವರ್ಷಗಳ ಮೇಲೆ, ಮದುವೆಯೊಂದರಲ್ಲಿ ಬೀಗವೂ ಬೀಗರೂ ಒಟ್ಟಿಗೇ ನನ್ನೆದುರು ಬಂದು ನಿಂತರು. ಅಂದು ಹಾಸ್ಯ ನನ್ನ ಕೈಹಿಡಿಯಲಿಲ್ಲ.

ಮದುವೆ ನನ್ನ ಅಣ್ಣನ ಮಗಳದು. 2022ರ ಏಪ್ರಿಲ್ ತಿಂಗಳು. ದಾವಣಗೆರೆಯ ಹೊರವಲಯದ ಒಂದು ಕಲ್ಯಾಣ ಮಂಟಪ. ದಾವಣಗೆರೆಯ ಏಪ್ರಿಲ್ ಬಿಸಿಲನ್ನು ಕಂಡವರಿಗೆ ವರ್ಣಿಸಬೇಕಾಗಿಲ್ಲ; ಕಾಣದವರು ಬೆಣ್ಣೆದೋಸೆಯ ನೆಪದಲ್ಲಿಯಾದರೂ ಒಮ್ಮೆ ಹೋಗಿ ಬರಬೇಕು. ಮಂಟಪದ ಮುಂದಿನ ಬಯಲಿನಲ್ಲಿ ಒಂದು ಮರವೂ ಇರಲಿಲ್ಲ. ಮರಗಳಿದ್ದವಂತೆ, ಕಾರು ನಿಲ್ಲಿಸಲು ಜಾಗ ಬೇಕೆಂದು ಕಡಿದರಂತೆ. ಆ ಬಯಲಿನಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದ ಕಾರುಗಳ ನಡುವೆ ಎದ್ದು ಕಾಣುತ್ತಿದ್ದದ್ದು ಬೀಗರ ಕಾರು. ಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಮುಂದೆ ಸೇವಂತಿಗೆ ಹಾರ, ಕನ್ನಡಿಗೆ ಅರಿಸಿನ ಕುಂಕುಮ, ಒಳಗೆ ತೂಗುವ ಒಂದು ಪುಟ್ಟ ಗಣಪತಿ. ಬಣ್ಣ ಅಚ್ಚ ಕಪ್ಪು.

ಧಾರೆ ಮುಗಿದಿತ್ತು. ಬೀಗರು ಊಟಕ್ಕೆ ಏಳುವ ಮೊದಲು ನನ್ನನ್ನು ಕರೆದು, "ಮೇಷ್ಟ್ರೇ, ನಮ್ಮ ಕಾರಿನ ಡಿಕ್ಕೀಲಿ ತಾಂಬೂಲದ ಚೀಲ ಅದಾವು, ಯಾರಿಗಾದ್ರೂ ಹೇಳಿ ತರಿಸ್ತೀರೇನು?" ಎಂದು ಕೀಲಿಯನ್ನು ಕೈಗಿತ್ತರು. ಯಾರಿಗಾದರೂ ಹೇಳಿ ಎಂದಿದ್ದರು, ನಾನೇ ಹೊರಟೆ. ಹೆಣ್ಣಿನ ಕಡೆಯ ಚಿಕ್ಕಪ್ಪನಾದವನು ಬೀಗರ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದುಂಟೆ? ಹೋಗುತ್ತಾ ನನ್ನ ತಂಗಿಯ ಮಗನನ್ನೂ ಕರೆದುಕೊಂಡು ಹೋದೆ. ಮೂರು ವರ್ಷದ ಪೋರ. ಬೆಳಗಿನಿಂದ ಅವನ ತಾಯಿಯ ರೇಷ್ಮೆ ಸೆರಗನ್ನು ಹಿಡಿದು ಎಳೆದೂ ಎಳೆದೂ ಅವಳನ್ನು ಗೋಳುಹೊಯ್ದುಕೊಂಡಿದ್ದ. ಅವಳಿಗೆ ಒಂದು ಗಳಿಗೆ ವಿಶ್ರಾಂತಿ ಕೊಡೋಣವೆಂಬ ಸದುದ್ದೇಶ ನನ್ನದು.

ನಮ್ಮ ಅಜ್ಜಿಯ ಮನೆಯ ಬೀಗವೊಂದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ತೆಂಗಿನಕಾಯಿಯಷ್ಟು ಗಾತ್ರ, ಹಿತ್ತಾಳೆಯದು. ಅದರ ಕೈ ಅಜ್ಜಿಯ ಸೊಂಟದಲ್ಲಿ. ಬೀಗದ ‘ಕೈ’ ಎಂದು ಹೆಸರಿಟ್ಟವರು ಎಷ್ಟು ಬಲ್ಲವರು! ಕೈ ಹೊರಗಿದ್ದರೆ ಬಾಗಿಲು ತೆರೆಯುತ್ತದೆ. ಅದು ಕಳೆದುಹೋದರೆ ಅಜ್ಜ ಒಂದು ಗುಂಡುಕಲ್ಲು ತಂದು ಕೊಂಡಿಯ ಮೇಲೆ ನಾಲ್ಕು ಬಾರಿಸುತ್ತಿದ್ದರು, ಬೀಗ ಬಿದ್ದುಹೋಗುತ್ತಿತ್ತು. ಬೀಗ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಒಡೆಯುವುದೆಲ್ಲಿ ಎಂಬ ಸಂದೇಹವಿರಲಿಲ್ಲ. ಈಗಿನ ಕಾರಿಗೆ ಅಗುಳಿಯಿಲ್ಲ, ಚಿಲಕವಿಲ್ಲ, ಕೊಂಡಿಯಿಲ್ಲ. ಕೀಲಿಯೆಂಬುದು ಕಡಲೆಮಿಠಾಯಿಯ ತುಂಡಿನಂಥ ಒಂದು ಕಪ್ಪು ಡಬ್ಬಿ. ಒತ್ತಿದರೆ ‘ಟಕ್’ ಎನ್ನುತ್ತದೆ, ದೀಪ ಮಿನುಗುತ್ತದೆ, ನಾಲ್ಕು ಬಾಗಿಲೂ ಏಕಕಾಲಕ್ಕೆ ಭದ್ರ. ಬೀಗ ಎಲ್ಲಿದೆ ಎಂದರೆ ಎಲ್ಲೆಡೆಯೂ ಇದೆ, ಎಲ್ಲಿಯೂ ಕಾಣುವುದಿಲ್ಲ.

ಕಾರಿನ ಬಳಿ ಹೋದಾಗ ಹುಡುಗ "ನಾನು ಒಳಗೆ ಕೂತ್ಕೋತೀನಿ" ಎಂದು ಹಟ ಮಾಡಿದ. ಹಿಂದಿನ ಸೀಟಿನಲ್ಲಿ ಕೂರಿಸಿದೆ. ಸುಮ್ಮನೆ ಕೂರಲೆಂದು ಕೀಲಿಯನ್ನು ಅವನ ಕೈಗೆ ಕೊಟ್ಟೆ. ಕೆಳಗೆ ಬಿದ್ದಾನೆಂದು ಬಾಗಿಲು ಹಾಕಿದೆ. ಡಿಕ್ಕಿಯಿಂದ ಚೀಲಗಳನ್ನೆಲ್ಲ ಇಳಿಸಿ, ಅದನ್ನೂ ಮುಚ್ಚಿದೆ. ಟಕ್. ದೀಪಗಳು ಮಿನುಗಿದವು.

ಹೇಳಲು ನಾಚಿಕೆಯಾಗುತ್ತದೆ, ಮೊದಲು ನನಗೆ ನಗು ಬಂತು. ಹುಡುಗನೂ ನಗುತ್ತಿದ್ದ. ಗಾಜಿಗೆ ಮೂಗು ಒತ್ತಿ, ಕೀಲಿಯನ್ನು ಎತ್ತಿ ತೋರಿಸಿ ಕುಣಿಯುತ್ತಿದ್ದ. ನಾನು ಹೊರಗಿನಿಂದ "ಒತ್ತು ಪುಟ್ಟಾ, ಇನ್ನೊಂದು ಸಲ ಒತ್ತು" ಎಂದು ಹೆಬ್ಬೆರಳು ಆಡಿಸಿ ತೋರಿಸಿದೆ. ಅವನೂ ನನ್ನಂತೆಯೇ ಹೆಬ್ಬೆರಳು ಆಡಿಸಿದ. ಕೀಲಿಯ ಮೇಲಲ್ಲ, ಗಾಳಿಯಲ್ಲಿ. ಅನುಕರಣೆಯಲ್ಲಿ ಮಕ್ಕಳು ಬಹಳ ನಿಷ್ಠರು. ಒಳಗಿನ ಹಿಡಿಯನ್ನು ಎಳೆ ಎಂದು ಸನ್ನೆ ಮಾಡಿದೆ. ಹಿಂದಿನ ಬಾಗಿಲುಗಳಿಗೆ ‘ಚೈಲ್ಡ್ ಲಾಕ್’ ಎಂಬ ಒಂದು ಸಣ್ಣ ಕೊಕ್ಕೆಯಿರುತ್ತದೆ. ಅದನ್ನು ಹಾಕಿದ್ದರೆ ಒಳಗಿನಿಂದ ಎಷ್ಟು ಎಳೆದರೂ ತೆರೆಯುವುದಿಲ್ಲ. ಓಡುವ ಕಾರಿನಿಂದ ಮಗು ಹೊರಗೆ ಬೀಳದಿರಲೆಂದು ಮಾಡಿದ ಏರ್ಪಾಡು. ನಿಂತ ಕಾರಿನಲ್ಲಿ ಅದೇ ಸೆರೆಮನೆಯಾಗುತ್ತದೆ. ಎರಡು ಬಾರಿ ಎಳೆದ, ಬರಲಿಲ್ಲ, ಆಟ ಸಾಕೆನಿಸಿತು. ಕೀಲಿ ಕೈಜಾರಿ ಮುಂದಿನ ಸೀಟಿನ ಕೆಳಗೆ ಎಲ್ಲಿಯೋ ಬಿತ್ತು. ಆಗ ಅವನು ನಗುವುದನ್ನು ನಿಲ್ಲಿಸಿದ. ನಾನೂ ನಿಲ್ಲಿಸಿದೆ.

ನಮ್ಮ ದೇಶದಲ್ಲಿ ಜನ ಸೇರುವುದಕ್ಕೆ ಎಷ್ಟು ಹೊತ್ತು? ಮೊದಲು ಬಂದವನು ಮದುವೆಯ ವಿಡಿಯೋ ತೆಗೆಯುವ ಹುಡುಗ. ಹೊರಗಿನ ಅಲಂಕಾರವನ್ನು ಚಿತ್ರಿಸುತ್ತಿದ್ದವನು ಕ್ಯಾಮೆರಾ ಚಾಲೂ ಇದ್ದಂತೆಯೇ ಬಂದ. ಆಮೇಲೆ ಚಾಲಕರು, ಅಡಿಗೆಯವರು, ವಾಲಗದವರು, ಗಂಡಿನ ಕಡೆಯ ನಾಲ್ವರು, ನಮ್ಮ ಕಡೆಯ ಹದಿನಾಲ್ವರು. ಒಬ್ಬೊಬ್ಬರಿಗೂ ಒಂದೊಂದು ಉಪಾಯ ಗೊತ್ತಿತ್ತು. ಒಬ್ಬರು ಕಬ್ಬಿಣದ ಸ್ಕೇಲು ತನ್ನಿ ಎಂದರು. ಗಾಜಿನ ಸಂದಿಯಲ್ಲಿ ಇಳಿಸಿ ಎಳೆದರೆ ತಟ್ಟನೆ ತೆಗೆಯುತ್ತದಂತೆ. ಹಳೆಯ ಅಂಬಾಸಿಡರಿನ ಕಾಲದಲ್ಲಿ ಅದು ನಿಜವಾಗಿರಬಹುದು. ಸ್ಕೇಲು ಬಂತು, ಸಂದಿಯಲ್ಲಿ ಇಳಿಯಿತು, ಬಾಗಿತು, ಹೊಸ ಬಣ್ಣದ ಮೇಲೆ ಒಂದು ಗೀರು ಬಿತ್ತು. ಗೀರು ಬಿದ್ದುದನ್ನು ಕಂಡು ಸ್ಕೇಲಿನವರು ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿದರು. ಇನ್ನೊಬ್ಬ ಯುವಕ ಟೆನ್ನಿಸ್ ಚೆಂಡಿಗೆ ತೂತು ಕೊರೆದು ಕೀಲಿಯ ಕಂಡಿಗೆ ಒತ್ತಿ ಹಿಡಿದು ಹಿಂಡಿದರೆ ಗಾಳಿಯ ಒತ್ತಡಕ್ಕೆ ಬೀಗ ತೆರೆಯುತ್ತದೆಂದು ಫೋನಿನಲ್ಲಿ ನೋಡಿದ್ದನಂತೆ. ಮದುವೆಯ ಮನೆಯಲ್ಲಿ ಟೆನ್ನಿಸ್ ಚೆಂಡು ಎಲ್ಲಿಂದ ಬರಬೇಕು? ಬಂದಿದ್ದರೂ ಆಗುತ್ತಿರಲಿಲ್ಲ, ಈ ಬೀಗಗಳನ್ನು ತಿರುಗಿಸುವುದು ಪುಟ್ಟ ವಿದ್ಯುತ್ ಮೋಟಾರು, ಗಾಳಿಯಲ್ಲ.

ಎರಡನೆಯ ಕೀಲಿಯ ಮಾತು ಬಂತು. ಅದು ಬೀಗರ ಊರಿನಲ್ಲಿತ್ತು, ನಲವತ್ತು ಕಿಲೋಮೀಟರು ಆಚೆ. "ಮನೇಲಿದ್ದವರಿಗೆ ಫೋನ್ ಮಾಡ್ರಿ, ಕೀನ ಫೋನಿನ ಹತ್ರ ಹಿಡಿದು ಒತ್ತಲಿ, ಇಲ್ಲಿ ನಾವು ಫೋನನ್ನ ಕಾರಿಗೆ ಹಿಡಿಯೋಣ" ಎಂದು ಒಬ್ಬರು ಸೂಚಿಸಿದರು. ಎಲ್ಲರೂ ಅವರ ಬುದ್ಧಿಗೆ ತಲೆದೂಗಿದರು, ನಾನೂ ತೂಗಿದೆ. ಕೀಲಿ ಹೊರಡಿಸುವುದು ರೇಡಿಯೋ ಅಲೆ, ಫೋನು ಸಾಗಿಸುವುದು ಸದ್ದನ್ನು. ಒಂದರ ಗಾಡಿಯಲ್ಲಿ ಇನ್ನೊಂದು ಹತ್ತುವುದಿಲ್ಲ ಎಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರು ಆಮೇಲೆ ತಿಳಿಸಿದರು. ಆಗ ಮಾತ್ರ ಫೋನು ಮಾಡಿಯೇ ಬಿಟ್ಟೆವು. ಕೀಲಿ ಬೀರುವಿನಲ್ಲಿದೆಯೆಂದೂ ಬೀರುವಿಗೆ ಬೀಗ ಹಾಕಿದೆಯೆಂದೂ ಆ ಬೀಗದ ಕೈ ಬೀಗಿತಿಯವರ ಸೊಂಟದಲ್ಲಿದೆಯೆಂದೂ ತಿಳಿಯಿತು. ಬೀಗಿತಿಯವರು ಇಲ್ಲಿ, ಮಂಟಪದೊಳಗೆ, ಬಾಗಿನ ಕೊಡುತ್ತಿದ್ದರು.

ಗಾಜು ಒಡೆಯುವ ಮಾತು ಯಾರ ಬಾಯಿಂದ ಮೊದಲು ಬಂತೋ ನೆನಪಿಲ್ಲ. ನಾನು ಬೇಲಿಯ ಬಳಿಯಿಂದ ಒಂದು ಸೈಜುಗಲ್ಲು ಎತ್ತಿಕೊಂಡು ಬಂದೆ. ಅಷ್ಟರಲ್ಲಿ ಅಣ್ಣ ಬಂದ. ಹೆಣ್ಣಿನ ತಂದೆ, ಪೇಟ ಇನ್ನೂ ತಲೆಯ ಮೇಲಿತ್ತು. ಕಲ್ಲನ್ನು ನೋಡಿ ಅವನ ಮುಖ ಬಿಳುಪೇರಿತು. ಹತ್ತಿರ ಬಂದು ಕಿವಿಯಲ್ಲಿ, "ಬೀಗರ ಕಾರು ಕಣೋ. ತಿಂಗಳಾಗಿಲ್ಲ. ಒಂದು ಮಾತು ಅವರನ್ನು ಕೇಳಿಬಿಡೋಣ" ಎಂದ. ಕೇಳಲು ಒಬ್ಬನನ್ನು ಕಳಿಸಿದೆವು. ಅವನು ಹೋಗಿ ಬಂದು, ಬೀಗರು ಪಂಕ್ತಿಯಲ್ಲಿ ಕುಳಿತಿದ್ದಾರೆ, ಇನ್ನೂ ಅನ್ನಕ್ಕೆ ಸಾರು ಬಿದ್ದಿದೆ ಅಷ್ಟೆ, ಊಟದ ನಡುವೆ ಹೇಗೆ ಎಬ್ಬಿಸುವುದು ಎಂದು ಹೇಳದೆ ಬಂದೆ ಎಂದ. ಯಾರೂ ಅವನನ್ನು ಬೈಯಲಿಲ್ಲ. ಬೀಗರನ್ನು ಎಲೆಯ ಮುಂದಿನಿಂದ ಎಬ್ಬಿಸಬಾರದೆಂಬುದು ನಮಗೆಲ್ಲ ನ್ಯಾಯವಾಗಿಯೇ ತೋರಿತು.

ಹುಡುಗ ಈಗ ಅಳುತ್ತಿದ್ದ. ಅಳುವುದು ಕಾಣಿಸುತ್ತಿತ್ತು; ಕೇಳಿಸುತ್ತಿರಲಿಲ್ಲ. ಹೊಸ ಕಾರು, ಸದ್ದು ಸೋರದಂತೆ ಕಟ್ಟಿದ್ದರು. ಒಳಗೆ ವಾಲಗದ ದನಿ, ಹೊರಗೆ ನಮ್ಮೆಲ್ಲರ ಮಾತು, ಗಾಜಿನಾಚೆ ತೆರೆದ ಒಂದು ಬಾಯಿ. ಕೂದಲು ಹಣೆಗೆ ಅಂಟಿತ್ತು. ಜರಿಯ ಜುಬ್ಬ ಎದೆಯ ಮೇಲೆ ಒದ್ದೆಯಾಗಿತ್ತು. ಆಗ ನನ್ನ ತಂಗಿ ಬಂದಳು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಗಾಜಿಗೆ ಎರಡೂ ಅಂಗೈ ಬಡಿದಳು, ಬಳೆ ಒಡೆದು ಚೂರಾದವು. ಆಮೇಲೆ ತಿರುಗಿ ನನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿ, "ಅಣ್ಣಾ, ಒಡಿ" ಎಂದಳು.

ನಾನು ಏನು ಹೇಳಿದೆನೆಂಬುದನ್ನು ಬರೆಯದೆ ದಾಟಿಹೋಗಬಹುದಿತ್ತು. "ಒಂದು ನಿಮಿಷ ತಡಿಯಮ್ಮ, ಬೀಗರನ್ನು ಒಂದು ಮಾತು ಕೇಳಿ..." ಎಂದೆ.

ಬೀಗರನ್ನು ಯಾರು ಎಬ್ಬಿಸಿದರೋ! ಎಂಜಲು ಕೈಯಲ್ಲೇ ಓಡಿಬಂದರು. ಶಲ್ಯ ಎಲ್ಲಿಯೋ ಬಿದ್ದಿತ್ತು. ಗುಂಪನ್ನು ಸೀಳಿಕೊಂಡು ಬಂದು ಒಳಗೆ ನೋಡಿದರು, ನನ್ನನ್ನು ನೋಡಿದರು. "ಏನ್ ನೋಡ್ಕಂತ ನಿಂತೀರಿ ಮೇಷ್ಟ್ರೇ? ಒಡೀರಿ! ಕಾರೇನು ನಮ್ಮಪ್ಪ ಮಾಡಿದ್ದೇನು? ಒಡೀರಿ ಮೊದಲು!" ಎಂದು ಕೂಗಿದರು.

ನಾನು ಕಲ್ಲನ್ನು ಎತ್ತಿ ಮುಂದಿನ ದೊಡ್ಡ ಗಾಜಿಗೆ ಹಾಕಿದೆ. ದೊಡ್ಡದು, ಎದುರಿಗಿದೆ, ಹುಡುಗನಿಂದ ದೂರ. ಅದಕ್ಕೆ ಅದನ್ನು ಆರಿಸಿದೆ. ಗಾಜಿನ ತುಂಬ ಜೇಡರ ಬಲೆ ಹರಡಿತು, ಆದರೆ ಬೀಳಲಿಲ್ಲ. ಇನ್ನೊಮ್ಮೆ ಹಾಕಿದೆ, ಬಲೆ ದಟ್ಟವಾಯಿತು, ಅಷ್ಟೆ. ಪಕ್ಕದ ಬಾಗಿಲಿಗೆ ಬಂದು ಗಾಜಿನ ನಟ್ಟನಡುವೆ ಹೊಡೆದೆ. ಕಲ್ಲು ಪುಟಿದು ನನ್ನ ಕಾಲಿನ ಮೇಲೇ ಬಿತ್ತು. ಪಂಪನ ಯುದ್ಧವರ್ಣನೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದವನ ಪರಾಕ್ರಮ ಇಷ್ಟು.

ಮಂಟಪದ ಪಕ್ಕದ ಸೈಟಿನಲ್ಲಿ ಕಾಂಪೌಂಡಿಗೆಂದು ಕಲ್ಲು ಒಡೆಯುತ್ತಿದ್ದರು. ಬೆಳಗಿನಿಂದ ವಾಲಗದ ನಡುವೆ ಆ ಟಣ್ ಟಣ್ ಸದ್ದು ಕೇಳಿ ನಮ್ಮವರು ಒಂದೆರಡು ಬಾರಿ "ಮುಹೂರ್ತದ ಹೊತ್ತಿನಲ್ಲಾದರೂ ನಿಲ್ಲಿಸಬಾರದೆ" ಎಂದು ಗದರಿಸಿ ಬಂದಿದ್ದರು. ಆ ಕಲ್ಲುಕುಟಿಗರಲ್ಲಿ ಒಬ್ಬ, ಅರವತ್ತು ದಾಟಿದವನು, ತಲೆಗೆ ಟವಲು ಸುತ್ತಿದವನು, ಬೇಲಿ ದಾಟಿ ಬಂದ. ಕೈಯಲ್ಲಿ ಚಾಣ, ಸಣ್ಣ ಸುತ್ತಿಗೆ. "ಹಂಗಲ್ಲ ಸಾಮಿ, ಸರೀರಿ" ಎಂದ. ಹುಡುಗ ಎಡಗಡೆಗೆ ಅಂಟಿಕೊಂಡಿದ್ದನ್ನು ನೋಡಿ ಕಾರನ್ನು ಸುತ್ತಿ ಬಲಗಡೆಗೆ, ಚಾಲಕನ ಬಾಗಿಲಿಗೆ ಹೋದ. ಗಾಜಿನ ಕೆಳಮೂಲೆಯಲ್ಲಿ ಚಾಣದ ಮೊನೆಯನ್ನು ಇಟ್ಟು, ಮುಖ ಪಕ್ಕಕ್ಕೆ ತಿರುಗಿಸಿ, ಒಂದೇ ಏಟು ಕೊಟ್ಟ. ದೊಡ್ಡ ಏಟೇನಲ್ಲ, ತೆಂಗಿನಕಾಯಿ ಒಡೆಯುವುದಕ್ಕೂ ಅದಕ್ಕಿಂತ ಹೆಚ್ಚು ಬಲ ಬೇಕು. ಗಾಜು ಪೂರ್ತಿ, ಮೇಲಿನಿಂದ ಕೆಳಗಿನವರೆಗೆ, ಕಲ್ಲುಸಕ್ಕರೆಯ ರಾಶಿಯಾಗಿ ಸುರಿದುಹೋಯಿತು. ಟವಲು ಸುತ್ತಿದ ಕೈಯನ್ನು ಒಳಗಿಟ್ಟು ಗುಂಡಿ ಒತ್ತಿದ. ಟಕ್.

ತಂಗಿ ಹುಡುಗನನ್ನು ಎತ್ತಿಕೊಂಡಾಗ ಅವನ ಮೈ ಜ್ವರ ಬಂದವರ ಮೈಯಂತೆ ಸುಡುತ್ತಿತ್ತು. ನೆರಳಿಗೆ ಒಯ್ದು ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬೀಸಿ, ನೀರು ಗುಟುಕರಿಸಿದರು. ಡಾಕ್ಟರ ಬಳಿ ಒಯ್ದರು. ಸಂಜೆಯ ಹೊತ್ತಿಗೆ ಲಡ್ಡು ಬೇಕೆಂದು ಹಟ ಹಿಡಿದ. ನಡುವೆ ಯಾರೋ 112ಕ್ಕೆ ಕರೆ ಮಾಡಿದ್ದರು. ಪೊಲೀಸಿನವರು ಬಂದು ವಿಚಾರಿಸಿ, ಊಟ ಮಾಡಿ ಹೋದರು. ಕಲ್ಲುಕುಟಿಗನನ್ನು ಊಟಕ್ಕೆ ಕರೆತರಲು ನಾನು ಹೋದಾಗ ಅವನು ತನ್ನ ಬುತ್ತಿ ಬಿಚ್ಚಿ ಆಗಿತ್ತು. ಬೀಗರು ಒಂದು ತಾಂಬೂಲದ ಚೀಲವನ್ನು ತಾವೇ ಒಯ್ದು ಕೊಟ್ಟು ಬಂದರು.

ಆಮೇಲೆ ಕಾಲೇಜಿಗೆ ಮರಳಿದಾಗ ಭೌತಶಾಸ್ತ್ರದ ಮಿತ್ರರಿಗೆ ಈ ಕಥೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡದೆ ಕುಳಿತಿದ್ದು, ಆಮೇಲೆ ಚೀಟಿಯ ಮೇಲೆ ಚಿತ್ರ ಬರೆದು ನನಗೆ ಪಾಠ ಹೇಳಿದರು. ಕಾರಿನ ಮುಂದಿನ ಗಾಜು ಒಂದಲ್ಲ, ಎರಡು. ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯಿಟ್ಟು ಬೆಸೆದದ್ದು. 1903ರಲ್ಲಿ ಬೆನೆಡಿಕ್ಟಸ್ ಎಂಬ ಫ್ರಾನ್ಸಿನ ರಸಾಯನಜ್ಞನ ಕೈತಪ್ಪಿ ಗಾಜಿನ ಪಾತ್ರೆಯೊಂದು ಕೆಳಗೆ ಬಿತ್ತಂತೆ. ಬಿರುಕು ಬಿಟ್ಟಿತೇ ಹೊರತು ಚೂರುಗಳು ಬಿಟ್ಟುಹೋಗಲಿಲ್ಲ. ಒಳಗೆ ಹಿಂದೆಂದೋ ಇದ್ದ ದ್ರಾವಣ ಒಣಗಿ ಪೊರೆ ಕಟ್ಟಿತ್ತು. ಅದರಿಂದ ಹುಟ್ಟಿದ ಗಾಜಿಗೆ ಅವನು 1909ರಲ್ಲಿ ಪೇಟೆಂಟು ಪಡೆದ. ಅಂಥದಕ್ಕೆ ನಾನು ಕಲ್ಲು ಹಾಕುತ್ತಿದ್ದೆ. ಸಂಜೆಯವರೆಗೆ ಹಾಕಿದ್ದರೂ ಅದು ಜೇಡರ ಬಲೆಯನ್ನೇ ನೇಯುತ್ತಿತ್ತು.

ಪಕ್ಕದ ಗಾಜಿನ ಜಾತಿಯೇ ಬೇರೆ. ಅದನ್ನು ಆರುನೂರು ಡಿಗ್ರಿಗೂ ಮೀರಿ ಕಾಯಿಸಿ, ಎರಡು ಕಡೆಯಿಂದಲೂ ರಭಸವಾಗಿ ಗಾಳಿ ಊದಿ ತಟ್ಟನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ಆರುತ್ತಾ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೊರಗೆ ಬಿಗಿತ, ಒಳಗೆ ಸೆಳೆತ. ಈ ಜಗಳವೇ ಅದರ ಶಕ್ತಿ. ಮೊಂಡಾದ ಕಲ್ಲಿನ ಏಟನ್ನು ಅದು ಅಗಲಕ್ಕೆ ಹಂಚಿಕೊಂಡು ನಕ್ಕುಬಿಡುತ್ತದೆ. ಚೂಪಾದ ಮೊನೆಯೊಂದು ಹೊರಮೈಯನ್ನು ಸೀಳಿ ಒಳಗೆ ಇಳಿದರೆ ಮಾತ್ರ ಜಗಳವೆಲ್ಲ ಒಮ್ಮೆಗೇ ಹೊರಬಿದ್ದು ಇಡೀ ಗಾಜು ಹರಳಾಗುತ್ತದೆ. ಮೂಲೆ ಅಂಚುಗಳಲ್ಲಿ ಅದು ನಡುವಿಗಿಂತ ಸುಲಭ. ಕರಗಿದ ಗಾಜನ್ನು ನೀರಿಗೆ ತೊಟ್ಟಿಕ್ಕಿಸಿದರೆ ಬಾಲವುಳ್ಳ ಹನಿಗಳಾಗುತ್ತವೆ. ಹನಿಯ ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಒಡೆಯದು, ಬಾಲವನ್ನು ಚಿವುಟಿದರೆ ಇಡಿಯಾಗಿ ಪುಡಿಯಾಗುತ್ತದೆ. ರೂಪರ್ಟ್ ಎಂಬ ರಾಜಕುಮಾರ ಇಂಥ ಹನಿಗಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಕೊಟ್ಟು, ದೊರೆ 1661ರಲ್ಲಿ ಅವನ್ನು ರಾಯಲ್ ಸೊಸೈಟಿಯ ಪಂಡಿತರ ಪರೀಕ್ಷೆಗೆ ಕಳಿಸಿದ. ಪಂಡಿತರಿಗೆ ಬಹುಕಾಲ ಅದು ಒಗಟಾಗಿಯೇ ಇತ್ತು. ನಮ್ಮ ಕಲ್ಲುಕುಟಿಗನಿಗೆ ಆ ಗಾಜಿನ ಮುಂದೆ ಒಂದು ಕ್ಷಣದ ಯೋಚನೆಯೂ ಬೇಕಾಗಲಿಲ್ಲ. ಅಥವಾ ಅರವತ್ತು ವರ್ಷದ ಯೋಚನೆ ಬೇಕಾಯಿತು ಎನ್ನಬೇಕು.

ಇತ್ತೀಚಿನ ಕೆಲವು ಕಾರುಗಳಲ್ಲಿ ಪಕ್ಕದ ಗಾಜನ್ನೂ ಮುಂದಿನದರಂತೆ ಎರಡು ಪದರ ಬೆಸೆದು ಮಾಡುತ್ತಾರೆ, ಅದು ಚಾಣಕ್ಕೂ ಸುರಿಯುವುದಿಲ್ಲ. ಯಾವುದು ಯಾವ ಜಾತಿಯದೆಂಬುದನ್ನು ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ: ಟೆಂಪರ್ಡ್, ಅಥವಾ ಲ್ಯಾಮಿನೇಟೆಡ್. ಈ ಸಾಲನ್ನು ಓದಿದವರು ಒಮ್ಮೆ ಎದ್ದುಹೋಗಿ ತಮ್ಮ ಕಾರಿನ ಗಾಜನ್ನು ನೋಡಿ ಬರಬೇಕೆಂದು ಕೋರುತ್ತೇನೆ. ಪ್ರಬಂಧ ಇಲ್ಲಿಯೇ ಇರುತ್ತದೆ.

ಬಿಸಿಲಿನ ಲೆಕ್ಕವನ್ನೂ ಮಿತ್ರರು ಹೇಳಿದರು. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2005ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವೈದ್ಯರು ಬಿಸಿಲಿನಲ್ಲಿ ಕಾರು ನಿಲ್ಲಿಸಿ ಅಳೆದು ನೋಡಿದ ಅಧ್ಯಯನವೊಂದು ಪ್ರಕಟವಾಗಿದೆ. ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಶಾಖ ಹೊರಗಿನದಕ್ಕಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲಿಯೇ. ಕಿಟಕಿಯನ್ನು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಳೆಯ ಮಕ್ಕಳ ಮೈ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದಂತೆ. ದಾವಣಗೆರೆಯಲ್ಲಿ ಅಂದು ಹೊರಗೇ ಮೂವತ್ತೇಳು ಮೂವತ್ತೆಂಟು ಇತ್ತು. ಕೂಡುವುದನ್ನು ಓದುಗರಿಗೇ ಬಿಡುತ್ತೇನೆ.

ಒಳಗಿನವರನ್ನು ಹೊರಗೆ ತರುವುದು ಒಂದು ಸಮಸ್ಯೆಯಾದರೆ ಒಳಗಿನವರೇ ಹೊರಗೆ ಬರುವುದು ಇನ್ನೊಂದು. ಅದರ ಯೋಚನೆ ನನಗೆ ಹತ್ತಿದ್ದು 2023ರ ಮೇ 21ರಂದು. ಬೆಂಗಳೂರಿನಲ್ಲಿ ಆಲಿಕಲ್ಲು ಮಳೆ ಸುರಿದ ದಿನ, ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಊರು ನೋಡಲು ಬಂದ ಕುಟುಂಬವೊಂದರ ಕಾರು ಸಿಕ್ಕಿಕೊಂಡು ಯುವತಿಯೊಬ್ಬಳು ತೀರಿಕೊಂಡಳು. ವಿಧಾನಸೌಧದಿಂದ ಕೂಗಳತೆಯ ದೂರ. ಹೊಳೆಯಲ್ಲ, ಸಮುದ್ರವಲ್ಲ, ರಸ್ತೆ. ಚಕ್ರವ್ಯೂಹವನ್ನು ಹೊಗುವ ವಿದ್ಯೆಯನ್ನಾದರೂ ಅಭಿಮನ್ಯು ಕಲಿತಿದ್ದ. ನಾವು ಅದನ್ನೂ ಕಲಿಯದೆ ಹೊಗುತ್ತೇವೆ.

ನೀರಿನಲ್ಲಿ ಬಾಗಿಲು ಏಕೆ ತೆರೆಯುವುದಿಲ್ಲವೆಂದು ಮಿತ್ರರು ಲೆಕ್ಕ ಮಾಡಿ ತೋರಿಸಿದರು. ಬಾಗಿಲಿನ ಅಗಲ ಒಂದು ಮೀಟರು, ಅದರ ಬುಡದಿಂದ ಮೇಲಕ್ಕೆ ನೀರು ಒಂದು ಮೀಟರು ನಿಂತಿದೆ, ಒಳಗೆ ಇನ್ನೂ ನೀರಿಲ್ಲ ಎಂದುಕೊಂಡರೆ, ಹೊರಗಿನಿಂದ ಒತ್ತುವ ಭಾರ ಸುಮಾರು 500 ಕಿಲೋ. ಹತ್ತು ಮೂಟೆ ಅಕ್ಕಿಯನ್ನು ಬಾಗಿಲಿಗೆ ಒರಗಿಸಿದಂತೆ. ಆದ್ದರಿಂದ ಬಾಗಿಲಿನ ಗೊಡವೆಗೆ ಹೋಗಬಾರದು; ಕಿಟಕಿಯನ್ನು ಹಿಡಿಯಬೇಕು, ಅದೂ ನೀರು ಗಾಜಿನವರೆಗೆ ಏರುವ ಮೊದಲು. ಗಾಜಿನ ಮೇಲೆ ನೀರು ಒತ್ತಿಕೊಂಡ ಮೇಲೆ ಅದು ಇಳಿಯುವುದು ಕಷ್ಟ. ಕೆನಡದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಕಾರುಗಳನ್ನು ನೀರಿಗಿಳಿಸಿ, ಜನರನ್ನು ಒಳಗೆ ಕೂರಿಸಿ ಇದನ್ನೆಲ್ಲ ಪರೀಕ್ಷಿಸಿದ್ದಾರೆ. ಕಾರು ಒಡನೆಯೇ ಮುಳುಗುವುದಿಲ್ಲ, ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ; ಆ ಮೊದಲ ನಿಮಿಷದಲ್ಲಿ ಸೀಟಿನ ಪಟ್ಟಿ ಬಿಚ್ಚು, ಕಿಟಕಿ ಇಳಿಸು, ಮಕ್ಕಳನ್ನು ಮುಂದೆ ಕಳಿಸಿ ಹೊರಬೀಳು. ಫೋನು ಮಾಡುತ್ತಾ ಕೂರಬೇಡ. ಇದು ಅವರ ಉಪದೇಶ. ಸೀಟಿನ ತಲೆದಿಂಬನ್ನು ಕಿತ್ತು ಅದರ ಕಂಬಿಯಿಂದ ಗಾಜು ಒಡೆಯಬಹುದು, ಅದನ್ನು ಮಾಡಿರುವುದೇ ಅದಕ್ಕಾಗಿ ಎಂದು ಊರಲ್ಲೆಲ್ಲ ಹೇಳುತ್ತಾರೆ. ಮಾಡಿರುವುದು ನಮ್ಮ ಕತ್ತು ಉಳುಕದಿರಲೆಂದು. ಬೇರೇನೂ ಇಲ್ಲದಾಗ ಅದನ್ನೂ ಬಳಸಬಹುದು. ಆದರೆ ಪರೀಕ್ಷೆಯ ದಿನ ಪುಸ್ತಕ ತೆರೆಯುವ ವಿದ್ಯಾರ್ಥಿಗಳನ್ನು ಕಂಡ ನನಗೆ ಅದರಲ್ಲಿ ನಂಬಿಕೆ ಕಡಿಮೆ. ಮೊನೆಯುಳ್ಳ ಪುಟ್ಟ ಸುತ್ತಿಗೆಯೊಂದು ಅಂಗಡಿಯಲ್ಲಿ ಸಿಗುತ್ತದೆ. ಸೀಟಿನ ಪಟ್ಟಿ ಕೊಯ್ಯುವ ಅಲಗೂ ಅದರಲ್ಲೇ ಇರುತ್ತದೆ. ಅದನ್ನು ಕೊಂಡು ಚಾಲಕನ ಸೀಟಿನ ಪಕ್ಕದಲ್ಲಿಟ್ಟಿದ್ದೇನೆ. ಮೊದಲು ಡಿಕ್ಕಿಯಲ್ಲಿಟ್ಟಿದ್ದೆ. ಒಳಗೆ ಸಿಕ್ಕಿಕೊಂಡವನು ಡಿಕ್ಕಿಯನ್ನು ತೆರೆಯುವುದು ಹೇಗೆಂದು ನನ್ನ ಹೆಂಡತಿ ಕೇಳಿದ ಮೇಲೆ ಜಾಗ ಬದಲಾಯಿಸಿದೆ.

ಬೀಗರಿಗೆ ಗಾಜಿನ ಹಣ ಕೊಡಲು ಅಣ್ಣನೂ ನಾನೂ ಹೋದೆವು. ಅವರು ಲಕೋಟೆಯನ್ನು ಮುಟ್ಟಲೂ ಇಲ್ಲ. ಕಾಫಿ ಕೊಟ್ಟರು, ತೋಟ ತೋರಿಸಿದರು, ಹೊರಡುವಾಗ ಮಾತ್ರ, ನಗುತ್ತಲೇ, "ನನ್ನನ್ನು ಎಲೆ ಮುಂದಿಂದ ಎಬ್ಬಿಸೋಕೆ ಹೆದರಿದ್ರಂತಲ್ಲ ಮೇಷ್ಟ್ರೇ, ನಾನು ಅಷ್ಟು ಕೆಟ್ಟೋನಂಗೆ ಕಾಣ್ತೀನೇನು?" ಎಂದರು. ನನಗೆ ಉತ್ತರ ತಿಳಿಯಲಿಲ್ಲ. ಹಿಂದಿನ ಬೆಂಚಿನ ಹುಡುಗನ ನೆನಪಾಯಿತು.

ತಂಗಿ ನನ್ನನ್ನು ಇಂದಿನವರೆಗೂ ಒಂದು ಮಾತು ಅಂದಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಮದುವೆಯ ವಿಡಿಯೋ ತಯಾರಾದಾಗ ಆ ಭಾಗವನ್ನು ಕತ್ತರಿಸಲೇ ಎಂದು ವಿಡಿಯೋದ ಹುಡುಗ ಕೇಳಿದನಂತೆ. ಬೀಗಿತಿಯವರು ಇರಲಿ ಬಿಡು ಎಂದರಂತೆ. ಹೀಗಾಗಿ ಧಾರೆಗೂ ಸಪ್ತಪದಿಗೂ ಸೇರಿದಂತೆ ಅದೂ ಉಳಿದಿದೆ. ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. 12 ಗಂಟೆ 41 ನಿಮಿಷಕ್ಕೆ ನಾನು ಗಾಜಿನ ಮುಂದೆ ಹೆಬ್ಬೆರಳು ಆಡಿಸುತ್ತಿದ್ದೇನೆ. 46ಕ್ಕೆ ಕಲ್ಲು ನನ್ನ ಕೈಯಲ್ಲಿದೆ. 52ಕ್ಕೆ ಕಲ್ಲುಕುಟಿಗ ಸುತ್ತಿಗೆ ಎತ್ತುತ್ತಾನೆ. ನಡುವಿನ ಆರು ನಿಮಿಷಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ಕಲ್ಲು ಹಿಡಿದು ನಿಂತಿರುವುದೇ. ನನ್ನ ನೆನಪಿನಲ್ಲಿ ಅದು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ.

ಹೋದ ದೀಪಾವಳಿಗೆ ಎಲ್ಲರೂ ಅಣ್ಣನ ಮನೆಯಲ್ಲಿ ಸೇರಿದ್ದೆವು. ಯಾರೋ ಆ ವಿಡಿಯೋ ಹಾಕಿದರು. ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಗಡಿಯಾರ ನೋಡಲು ಕಲಿತಿದ್ದಾನೆ. ತನ್ನನ್ನೇ ತಾನು ಗಾಜಿನ ಹಿಂದೆ ಕಂಡು ಕೇಕೆ ಹಾಕಿ ನಕ್ಕ. ಆಮೇಲೆ ನಗು ನಿಲ್ಲಿಸಿ, ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸುತ್ತಾ ಕೇಳಿದ:

"ಮಾಮ, ಕಲ್ಲು ಹಿಡ್ಕೊಂಡು ನೀನ್ಯಾಕೆ ಸುಮ್ನೆ ನಿಂತಿದೀಯ?"

ಅಡಿಗೆಮನೆಯಿಂದ ತಂಗಿ, "ಮಾಮನಿಗೆ ಕಾಫಿ ಆರೋಗ್ತಿದೆ, ಅವರನ್ನ ಕುಡಿಯೋಕೆ ಬಿಡೋ" ಎಂದಳು.